ಒಂದು ಪೆಟ್ಟಿಗೆಯಷ್ಟು ಜಾಗ

"ಈ ಪೆಟ್ಟಿಗೆಯೊಳಗೆ ಏನಿದೆ?" ರಟ್ಟಿನ ಪೆಟ್ಟಿಗೆ ಎತ್ತಿ ತೋರಿಸುತ್ತ ಕೇಳಿದಳು ಲೋಸಲಿನಿ.

"ಏನೂ ಇಲ್ಲ ಮೇಡಂ," ಎಂದರು ಮಕ್ಕಳು.

"ತುಂಬಿದೆ," ಎಂದಿತು ಲ್ಯಾಬಿನ ಬಾಗಿಲ ಬಳಿಯಿಂದ ಒಂದು ದನಿ.

ಲೋಸಲಿನಿ ತಟ್ಟನೆ ತಿರುಗಿದಳು. ಆ ದನಿ... ಅಪೆನಿಸಾ! ಕಿವಿಯ ಪಕ್ಕ ನರೆ, ಸೊಂಟಕ್ಕೆ ಲುಂಗಿಯಂತೆ ಸುತ್ತಿದ ಸುಲು, ಮುಖದಲ್ಲಿ ಅದೇ ತುಂಟ ನಗು.

ಅವಳು ಹೇಗೋ ಪಾಠ ಮುಂದುವರಿಸಿದಳು. "ಒಂದು ಮೋಲ್ ಅನಿಲಕ್ಕೆ ಇಷ್ಟು ಜಾಗ ಬೇಕು. ನಮ್ಮ ಸೆಕೆಗೆ ಸುಮಾರು ಇಪ್ಪತ್ತೈದು ಲೀಟರು. ಹಗುರವಾದ ಹೈಡ್ರೋಜನ್ ಆದ್ರೂ ಅಷ್ಟೇ, ಭಾರವಾದ ಕಾರ್ಬನ್ ಡೈಆಕ್ಸೈಡ್ ಆದ್ರೂ ಅಷ್ಟೇ."

ಆ ಪೆಟ್ಟಿಗೆ ಅಪೆನಿಸಾ ಮಾಡಿದ್ದೇ. ಇಬ್ಬರೂ ಇದೇ ಲ್ಯಾಬಿನಲ್ಲಿ ಓದುತ್ತಿದ್ದ ಕೊನೆಯ ವರ್ಷ, ಬಿಸ್ಕತ್ತಿನ ರಟ್ಟು ಅಳೆದು ಅಂಟಿಸುತ್ತ ಅವನು ಹೇಳಿದ್ದ, "ಖಾಲಿ ಅನ್ಸುತ್ತೆ, ಆದ್ರೆ ತುಂಬಿದೆ. ನನ್ನ ಎದೆ ಥರ. ನನ್ನ ಮದುವೆ ಆಗ್ತೀಯಾ, ಲೋಸಾ?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ನಿಮ್ಮ ದ್ವೀಪದೋರ ತಲೇಲೂ ಬರೀ ಗಾಳಿನೇ!"

ಇಬ್ಬರ ದ್ವೀಪಗಳೂ ತೌವು, ಅಂದರೆ ಪೂರ್ವಜರ ಕಾಲದಿಂದ ಬಂದ ಕೀಟಲೆಯ ನಂಟು. ಫಿಜಿಯಲ್ಲಿ ತೌವು ಎಂದರೆ ಮುಗಿಯಿತು, ಎಷ್ಟು ಕಾಲೆಳೆದರೂ ಯಾರೂ ಮುನಿಸಿಕೊಳ್ಳುವಂತಿಲ್ಲ. ಅವನೂ ನಕ್ಕಿದ್ದ. ಪರೀಕ್ಷೆ ಮುಗಿದದ್ದೇ ಹಡಗಿನ ಕೆಲಸಕ್ಕೆ ಹೊರಟುಹೋಗಿದ್ದ. ಆಮೇಲೆ ಪೆಟ್ಟಿಗೆ ನೋಡುತ್ತ ಅವಳು ಎಷ್ಟು ಅತ್ತಳೋ... ಅದು ತಮಾಷೆಯಾಗಿರಲಿಲ್ಲವೇ? ಕೇಳೋಣವೆಂದರೆ ಅವನೇ ಇರಲಿಲ್ಲ.

ಗಂಟೆ ಹೊಡೆಯಿತು. ಮಕ್ಕಳು ಹೊರಗೋಡಿದರು.

"ನಾಳೆ ಬೆಳಿಗ್ಗೆ ಮತ್ತೆ ಹಡಗು. ನೋಡ್ಕೊಂಡು ಹೋಗೋಣ ಅಂತ ಬಂದೆ," ಎಂದ ಅವನು. "ಪೆಟ್ಟಿಗೆ ಇನ್ನೂ ಇಟ್ಕೊಂಡಿದ್ದೀಯಾ? ನಿಮ್ಮ ದ್ವೀಪದೋರು ಜಿಪುಣ್ರು ಅಂತ ಗೊತ್ತಿತ್ತು, ಇಷ್ಟೊಂದಾ?"

ತಿರುಗೇಟು ಅವಳ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಈಗಲೂ ನಕ್ಕುಬಿಟ್ಟರೆ ಅವನು ಹೊರಟೇಹೋಗುತ್ತಾನೆ.

"ಅಪೆ, ಅವತ್ತು ನೀನು ಕೇಳಿದ್ದು ತಮಾಷೆಗಾ?"

ಅವನ ಮುಖದ ನಗು ಮಾಯವಾಯಿತು. "ಅಲ್ಲ. ಆದ್ರೆ ನೀನು ನಕ್ಕೆ. ತೌವು ಹತ್ರ ಬೇಜಾರು ಮಾಡ್ಕೊಳ್ಳೋ ಹಾಗಿಲ್ವಲ್ಲ... ಅದಕ್ಕೇ ದೂರ ಹೋಗಿ ಬೇಜಾರು ಮಾಡ್ಕೊಂಡೆ. ಒಬ್ಬನೇ ಉಳ್ಕೊಂಡೆ."

"ನಾನು ತಮಾಷೆ ಅಂದ್ಕೊಂಡೆ ಕಣೋ. ಹಗುರದ್ದೋ ಭಾರದ್ದೋ, ನಿನ್ನ ಮಾತು ಒಳಗೆಲ್ಲ ತುಂಬ್ಕೊಂಡ್ಬಿಡ್ತು. ಬೇರೆ ಯಾರಿಗೂ ಜಾಗನೇ ಇರ್ಲಿಲ್ಲ." ಅವಳ ಕಣ್ಣು ತುಂಬಿ ಬಂತು. "ಇನ್ನೊಂದ್ಸಲ ಕೇಳು. ನಗಲ್ಲ."

ಅವನು ಕೇಳಿದ. ಅವಳು ನಗಲಿಲ್ಲ. "ಹೂಂ" ಎಂದು ಅವನ ಕೈ ಹಿಡಿದುಕೊಂಡಳು.

"ನಾಳೆ ಹಡಗು?"

"ಹೋಗ್ಲಿ ಬಿಡು. ಅದ್ರಲ್ಲಿ ಜಾಗ ಇಲ್ವಂತೆ."

"ನಿಮ್ಮ ದ್ವೀಪದೋರೆಲ್ಲ ಸುಳ್ರೇ," ಎಂದಳು ಲೋಸಲಿನಿ, ಅವನ ಕೈ ಬಿಡದೆ.