ಎಲ್ಲ ಬಾಗಿಲೂ ಒಂದೇ ಆದ ಪಟ್ಟಣ

ಬಹಳ ಹಿಂದೆ, ಮೃಗಗಳಿಗೂ ಮನುಷ್ಯರಿಗೂ ಒಂದೇ ಮಾತು ಬರುತ್ತಿದ್ದ ಕಾಲದಲ್ಲಿ, ಹಂಸದುರ್ಗ ಎಂಬ ರಾಜ್ಯವಿತ್ತು. ಅದನ್ನು ಜಯಕೇಸರಿ ಎಂಬ ರಾಜ ಆಳುತ್ತಿದ್ದ. ಅವನಿಗೆ ಪದುಮಲೆ ಎಂಬ ಒಬ್ಬಳೇ ಮಗಳು. ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡ ಆ ಮಗುವನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದವಳು ದೇವೀರಿ ಎಂಬ ದಾದಿ.

ಹಂಸದುರ್ಗದ ಪಟ್ಟಣ ನೋಡಲು ಚೆಂದ, ಆಳಲು ಕಷ್ಟ. ಬೀದಿಗಳು ಕುಂಬಳದ ಬಳ್ಳಿಯ ಹಾಗೆ ಮನಸ್ಸು ಬಂದ ಕಡೆ ಹರಿದಿದ್ದವು. ಪ್ರತಿ ಮನೆಗೂ ಜಗಲಿ, ಪ್ರತಿ ತಿರುವಿಗೂ ಒಂದು ಕಟ್ಟೆ, ಪ್ರತಿ ಬಾವಿಯ ಮೇಲೂ ಕೆತ್ತಿದ ಗಿಳಿಯೋ ಮೀನೋ. ಜನ ಜಗಲಿಯಲ್ಲಿ ಕೂತು ಹರಟುತ್ತಿದ್ದರು. ಹರಟೆ ಜಗಳಕ್ಕೆ ತಿರುಗುತ್ತಿತ್ತು, ಜಗಳ ಅರಮನೆಗೆ ಬರುತ್ತಿತ್ತು. ಅವನ ಗೋಡೆಯ ಬಣ್ಣ ನನ್ನ ಗೋಡೆಗೆ ಸಿಡಿಯಿತು, ಇವಳ ರಂಗೋಲಿ ನನ್ನ ಹೊಸ್ತಿಲವರೆಗೆ ಬಂತು ಎಂದು ಬೆಳಗಾದರೆ ದೂರು. ಕೇಳಿ ಕೇಳಿ ರಾಜನ ತಲೆ ಸಿಡಿಯುತ್ತಿತ್ತು.

ಆಗ ಬಂದವನು ಸಮರೇಖ ಎಂಬ ಮಾಂತ್ರಿಕ. ಮೈಮೇಲೆ ಬೂದು ನಿಲುವಂಗಿ, ಕೈಯಲ್ಲಿ ಒಂದು ನೂಲಿನ ಉಂಡೆ. ಜಗಳವೇ ಇಲ್ಲದ ಪಟ್ಟಣ ಕಟ್ಟಿಕೊಡುತ್ತೇನೆ ಎಂದ. ಅದಕ್ಕೆ ಬದಲಾಗಿ ಏನು ಬೇಕೆಂದು ರಾಜ ಕೇಳಿದ. ದಾರಿ ತಪ್ಪಿದವರು ನನ್ನವರಾಗಲಿ, ಅಷ್ಟು ಸಾಕು ಎಂದ ಮಾಂತ್ರಿಕ. ಸ್ವಂತ ಊರಿನಲ್ಲಿ ಯಾರು ದಾರಿ ತಪ್ಪುತ್ತಾರೆ ಎಂದುಕೊಂಡು ರಾಜ ನಗುತ್ತಲೇ ಮಾತು ಕೊಟ್ಟ.

ಸಮರೇಖ ಪಟ್ಟಣದ ಮೇಲೆ ನೂಲು ಎಳೆದ. ಬೀದಿಗಳು ಮೈಮುರಿದು ನೆಟ್ಟಗಾದವು. ಜಗಲಿಗಳು ಗೋಡೆಯೊಳಗೆ ಸರಿದುಕೊಂಡವು. ಕಟ್ಟೆಗಳು ನೆಲದೊಳಗೆ ಇಳಿದವು. ಗಿಳಿ, ಮೀನು ಎಲ್ಲ ಕಲ್ಲು ಬಿಟ್ಟು ಎಲ್ಲಿಗೋ ಹೋದವು. ಮನೆಗಳೆಲ್ಲ ಒಂದೇ ಎತ್ತರ, ಬಾಗಿಲುಗಳೆಲ್ಲ ಒಂದೇ ಬೂದು ಬಣ್ಣ. ಕೂರಲು ಜಾಗವಿಲ್ಲದ ಮೇಲೆ ಯಾರೂ ಕೂರಲಿಲ್ಲ, ಕೂರದ ಮೇಲೆ ಮಾತಿಲ್ಲ, ಮಾತಿಲ್ಲದ ಮೇಲೆ ಜಗಳವೂ ಇಲ್ಲ. ರಾಜ ಮಧ್ಯಾಹ್ನದ ನಿದ್ದೆ ಮಾಡತೊಡಗಿದ.

ಆಮೇಲೆ ಜನ ಒಬ್ಬೊಬ್ಬರೇ ಕಾಣೆಯಾದರು. ನೀರಿಗೆ ಹೋದವಳಿಗೆ ತನ್ನ ಮನೆ ಯಾವುದೆಂದು ಗುರುತು ಸಿಗಲಿಲ್ಲ. ಸಂತೆಗೆ ಹೋದವನು ನಡೆಯುತ್ತಲೇ ಉಳಿದ. ನೆರೆಯವರ ಮುಖ ಕಂಡೇ ಬಹಳ ಕಾಲವಾಗಿದ್ದರಿಂದ, ಯಾರು ಇಲ್ಲ ಎಂಬುದೂ ಯಾರ ಗಮನಕ್ಕೂ ಬರಲಿಲ್ಲ. ಒಂದು ಬೆಳಿಗ್ಗೆ ದೇವೀರಿ ಕುಂಬಾರಗೇರಿಗೆ ಹೋಗಿಬರುತ್ತೇನೆಂದು ಹೊರಟಳು. ಸಂಜೆಯಾದರೂ ಬರಲಿಲ್ಲ. ಮರುದಿನವೂ ಬರಲಿಲ್ಲ.

ಪದುಮಲೆ ತಂದೆಯ ಬಳಿ ಓಡಿದಳು. ಆಗಲೇ ರಾಜನಿಗೆ ತಾನು ಕೊಟ್ಟ ಮಾತಿನ ಅರ್ಥವಾದದ್ದು. ಅವನ ಮುಖ ಸಣ್ಣದಾಯಿತು. ರಾಜನಾದವನು ಕೊಟ್ಟ ಮಾತಿಗೆ ತಪ್ಪುವಂತಿಲ್ಲ ಎಂದು ತಲೆ ತಗ್ಗಿಸಿದ.

“ಮಾತು ಕೊಟ್ಟವರು ನೀವು,” ಎಂದಳು ಪದುಮಲೆ. “ನಾನು ಕೊಟ್ಟಿಲ್ಲ.”

ಅವಳು ನೇರ ಸಮರೇಖನ ಮುಂದೆ ಹೋಗಿ ನಿಂತಳು. ಅವನು ಸಿಟ್ಟಾಗಲಿಲ್ಲ. ನಿನ್ನ ದಾದಿ ನನ್ನ ಮಂಟಪದಲ್ಲಿದ್ದಾಳೆ, ಪಟ್ಟಣದ ಕೊನೆಗಿದೆ ಮಂಟಪ, ತಲುಪಿದರೆ ಮಾತಾಡೋಣ ಎಂದ.

ಪದುಮಲೆ ಒಂದು ಕುಡಿಕೆಯಲ್ಲಿ ಕೆಮ್ಮಣ್ಣು ಕಲಸಿಕೊಂಡು ಹೊರಟಳು. ದಾರಿ ತಪ್ಪಬಾರದೆಂದು ಪ್ರತಿ ತಿರುವಿನ ಗೋಡೆಗೂ ಒಂದೊಂದು ಗುರುತು ಬರೆದಳು. ಇಲ್ಲೊಂದು ಹೂವು, ಅಲ್ಲೊಂದು ಏಣಿ, ಮುಂದೊಂದು ಚೇಳು. ತಿರುಗಿ ನೋಡಿದರೆ ಒಂದೂ ಇಲ್ಲ. ದನದಷ್ಟು ದೊಡ್ಡ ಬೂದು ಹುಲಿಯೊಂದು ಅವಳ ಹಿಂದೆಯೇ ಬರುತ್ತ ಗೋಡೆಗಳನ್ನು ನೆಕ್ಕುತ್ತಿತ್ತು. ಅದು ನೆಕ್ಕಿದಲ್ಲಿ ಬಣ್ಣವಿಲ್ಲ.

ಪದುಮಲೆ ಓಡಲು ನೋಡಿದಳು. ಓಡಿದರೆ ಎಲ್ಲಿಗೆ ಓಡುವುದು, ಎಲ್ಲ ಬೀದಿಯೂ ಒಂದೇ. ಅವಳು ನಿಂತು, ರುಚಿ ಹೇಗಿದೆ ಎಂದು ಕೇಳಿದಳು. ಅಲ್ಲಿಯವರೆಗೆ ಯಾರೂ ಹುಲಿಯನ್ನು ಹಾಗೆ ಕೇಳಿರಲಿಲ್ಲ. ಅದು ಮೂತಿ ನೆಕ್ಕಿಕೊಂಡು, ಎಲ್ಲ ಬಣ್ಣಕ್ಕೂ ಬೂದಿಯದೇ ರುಚಿ ಎಂದಿತು.

ಹತ್ತಿರದಿಂದ ನೋಡಿದಾಗ ಅದರ ಬೆನ್ನು ನಡುವೆ ತಗ್ಗಾಗಿ, ಸವೆದು ನುಣುಪಾಗಿತ್ತು. ಎಷ್ಟೋ ಮಕ್ಕಳು ಏರಿ ಇಳಿದ ಬೆನ್ನು. ಅರಳೆಪೇಟೆಯ ಚೌಕದಲ್ಲಿದ್ದ ಕಲ್ಲಿನ ಹುಲಿ ಪದುಮಲೆಗೆ ನೆನಪಾಯಿತು. ಅವಳು ಹೆದರುತ್ತಲೇ ಕೈ ಚಾಚಿ, ಆ ಬೆನ್ನಿನ ಮೇಲೆ ಕೆಮ್ಮಣ್ಣಿನ ಪಟ್ಟೆಗಳನ್ನು ಎಳೆದಳು. ಹುಲಿ ನೆಕ್ಕಲು ನೋಡಿತು. ನಾಲಿಗೆ ಬೆನ್ನಿಗೆ ಎಟುಕಲಿಲ್ಲ. ಬೆಕ್ಕಿನ ಹಾಗೆ ಸುತ್ತಿ ಸುತ್ತಿ ತನ್ನ ಪಟ್ಟೆಗಳನ್ನೇ ನೋಡಿಕೊಂಡು, ಕೊನೆಗೆ ಕೂತುಬಿಟ್ಟಿತು.

“ನನ್ನ ಮೇಲೆ ಮಕ್ಕಳು ಕೂರುತ್ತಿದ್ದರು,” ಎಂದಿತು.

ಆಮೇಲೆ ಅದು ಅವಳ ಜೊತೆಗೇ ನಡೆಯಿತು.

ಮುಂದೆ ಸಿಕ್ಕಿದ್ದು ಮುಗಿಯದ ಬೀದಿ. ಅಲ್ಲಿ ದಾರಿ ತಪ್ಪಿದ ಜನ ತಲೆ ಬಗ್ಗಿಸಿ ನಡೆಯುತ್ತಲೇ ಇದ್ದರು. ನಡೆದಷ್ಟೂ ಬೀದಿ ಬೆಳೆಯುತ್ತಿತ್ತು. ಯಾರಾದರೂ ನಿಂತರೆ ಮೇಲಿಂದ ಕಬ್ಬಿಣದ ಕೊಕ್ಕಿನ ಹಕ್ಕಿಯೊಂದು ಎರಗಿ ಕುಕ್ಕುತ್ತಿತ್ತು. ಪದುಮಲೆ ಬಹಳ ದೂರ ನಡೆದಳು. ಅಂಗಾಲು ಒಡೆದು ಉರಿಯಿತು. ಇನ್ನು ಆಗದು ಎಂದು ಹುಲಿಗೆ ಮಲಗಲು ಹೇಳಿ, ಅದರ ಬೆನ್ನಿನ ಮೇಲೆ ಕೂತಳು. ಹಕ್ಕಿ ಅವಳ ಭುಜ ಕುಕ್ಕಿತು. ರಕ್ತ ಬಂತು. ಅವಳು ಏಳಲಿಲ್ಲ.

ಮಜ್ಜಿಗೆ ಮಾರುವ ಚಿಕ್ಕೀರಯ್ಯ ಎಂಬ ಮುದುಕ ಅದೇ ದಾರಿಯಲ್ಲಿ ಬಂದ. ತಲೆಯ ಮೇಲೆ ಮಡಕೆ, ಕೈಯಲ್ಲಿ ತಾಳೆಗರಿಯ ಕೊಡೆ. ಕೊಳ್ಳುವವರು ನಿಂತರಲ್ಲವೇ ಮಾರುವುದು, ಅವನ ಮಜ್ಜಿಗೆ ಹುಳಿಯಾಗಿ ಹೋಗಿತ್ತು. ರಕ್ತ ಕಂಡು ಅವನ ಕಾಲು ತಾನೇ ನಿಂತಿತು.

“ನೋಯುತ್ತಿದೆಯೇ ಮಗಳೇ?” ಎಂದ.

ಆ ಬೀದಿಯಲ್ಲಿ ಒಬ್ಬರು ಇನ್ನೊಬ್ಬರನ್ನು ಮಾತಾಡಿಸಿದ್ದು ಅದೇ ಮೊದಲು. ಅವನು ಅವಳ ಪಕ್ಕ ಕೂತು ಕೊಡೆ ಹಿಡಿದ. ಹಕ್ಕಿ ಕೊಡೆಯನ್ನು ಕುಕ್ಕಿತು, ತಾಳೆಗರಿ ಬಗ್ಗಿತು, ಹರಿಯಲಿಲ್ಲ. ನೆರಳು ಕಂಡು ಒಬ್ಬ ನೇಕಾರ ಹೆಂಗಸು ಬಂದು ಒತ್ತಿಕೊಂಡು ಕೂತಳು. ಅವಳ ಹಿಂದೆ ಇಬ್ಬರು, ಅವರ ಹಿಂದೆ ಇನ್ನಷ್ಟು ಜನ. ಹುಳಿ ಮಜ್ಜಿಗೆ ಕೈಯಿಂದ ಕೈಗೆ ಹೋಯಿತು. ಎಲ್ಲಿಯವರು, ಯಾರ ಮನೆಯವರು ಎಂದು ಮಾತು ಹುಟ್ಟಿತು. ಅಷ್ಟು ಹೊತ್ತಿಗೆ ಹಕ್ಕಿಗೂ ಸಾಕಾಗಿತ್ತು. ನೂಲು ಎಳೆದ ದಿನದಿಂದ ಅದಕ್ಕೂ ಕೂರಲು ಒಂದು ಕೊಂಬೆ ಸಿಕ್ಕಿರಲಿಲ್ಲ. ಅದು ಕೊಡೆಯ ತುದಿಯಲ್ಲಿ ಇಳಿದು ರೆಕ್ಕೆ ಮಡಚಿತು. ಪದುಮಲೆ ತಲೆ ಎತ್ತಿ ನೋಡಿದರೆ ಬೀದಿ ಮುಗಿದಿತ್ತು, ಎದುರಿಗೇ ಮಂಟಪವಿತ್ತು.

ಅವಳು ಒಳಗೆ ಹೋದಳು, ಕೂತಿದ್ದವರೆಲ್ಲ ಎದ್ದು ಅವಳ ಹಿಂದೆಯೇ ಬಂದರು. ಮಂಟಪದ ತುಂಬ ಕಂಬಗಳು. ಒಂದೇ ದಪ್ಪ, ಒಂದೇ ನುಣುಪು. ಸಮರೇಖ ನಡುವೆ ನಿಂತಿದ್ದ. ನಡೆದು ನಡೆದು ಸೋತವರೆಲ್ಲ ಇಲ್ಲಿ ಕಂಬವಾಗಿದ್ದಾರೆ, ಇವುಗಳಲ್ಲಿ ಒಂದು ನಿನ್ನ ದಾದಿ, ಗುರುತಿಸಿ ಮುಟ್ಟಿದರೆ ಕರೆದುಕೊಂಡು ಹೋಗು, ತಪ್ಪಾದ ಕಂಬ ಮುಟ್ಟಿದರೆ ನೀನೂ ಕಂಬವಾಗುವೆ ಎಂದ.

ಪದುಮಲೆ ಒಂದೊಂದೇ ಕಂಬದ ಮುಂದೆ ನಿಂತಳು. ಕಿವಿ ಕೊಟ್ಟು ಕೇಳಿದಳು. ಉಸಿರಿಲ್ಲ. ಮೂಸಿ ನೋಡಿದಳು. ದೇವೀರಿಯ ಮೈಯ ಹರಳೆಣ್ಣೆಯ ವಾಸನೆ ಎಲ್ಲೂ ಇಲ್ಲ. ಕೈ ಚಾಚುವಳು, ಹಿಂದೆಗೆಯುವಳು. ಹೊತ್ತು ಸರಿಯಿತು. ಕಣ್ಣು ತುಂಬಿ ಬಂದು ಕಂಬಗಳೆಲ್ಲ ಕಲಸಿಹೋದವು. ಆಗ ಅವಳಿಗೆ, ತಾನು ಇಷ್ಟು ಹೊತ್ತು ಒಬ್ಬಳನ್ನು ಹುಡುಕುತ್ತ ಉಳಿದವರೆಲ್ಲರನ್ನೂ ದಾಟಿ ಹೋಗುತ್ತಿದ್ದೇನೆ ಎನ್ನಿಸಿತು.

“ಇಲ್ಲಿ ತಪ್ಪಾದ ಕಂಬ ಯಾವುದೂ ಇಲ್ಲ,” ಎಂದಳು. “ಎಲ್ಲರೂ ಯಾರದೋ ಮನೆಯವರು.”

ಹಾಗೆಂದು ಹತ್ತಿರದ ಕಂಬದ ಮೇಲೆ ಕೆಮ್ಮಣ್ಣಿನಿಂದ ಮಲ್ಲಿಗೆಯ ದಂಡೆ ಬರೆಯತೊಡಗಿದಳು. ಬೆರಳು ತಣ್ಣಗಾಯಿತು. ಉಗುರು ಕಲ್ಲಾಯಿತು, ಅಂಗೈ ಕಲ್ಲಾಯಿತು. ದಂಡೆ ಅರ್ಧಕ್ಕೇ ನಿಂತಿತು. ಆಗ ಚಿಕ್ಕೀರಯ್ಯ ಅವಳ ಬಿಗಿದ ಕೈಯಿಂದ ಕುಡಿಕೆ ಬಿಡಿಸಿಕೊಂಡು ಪಕ್ಕದ ಕಂಬಕ್ಕೆ ಒಂದು ಮಡಕೆ ಬರೆದ. ಅವನ ಬೆರಳೂ ಕಲ್ಲಾಗತೊಡಗಿತು, ಅವನು ನಿಲ್ಲಿಸಲಿಲ್ಲ. ನೇಕಾರ ಹೆಂಗಸು ತನ್ನ ಸೀರೆಯ ಅಂಚಿನ ಸಾಲನ್ನು ಇನ್ನೊಂದರ ಮೇಲೆ ಬಿಡಿಸಿದಳು. ಒಬ್ಬ ಬೆಲ್ಲ ತೇಯ್ದ, ಒಬ್ಬಳು ಎಲೆ ಹಿಂಡಿದಳು, ಒಬ್ಬಳು ತನ್ನ ಹಣೆಯ ಕುಂಕುಮವನ್ನೇ ತೆಗೆದು ಹಚ್ಚಿದಳು. ಈಗ ಒಂದು ಕಂಬದಂತೆ ಇನ್ನೊಂದು ಇರಲಿಲ್ಲ. ಎರಡು ಕಂಬಗಳು ಬೇರೆಯಾದಾಗಲೆಲ್ಲ ಸಮರೇಖನ ಉಂಡೆಯಲ್ಲಿ ಒಂದೆಳೆ ಪಟ್ಟನೆ ಹರಿಯಿತು. ಕೊನೆಯ ಎಳೆ ಹರಿದಾಗ ಕಲ್ಲಾದ ಬೆರಳುಗಳಿಗೆಲ್ಲ ಬಿಸಿ ಬಂತು, ಕಂಬಗಳೆಲ್ಲ ಉಸಿರೆಳೆದು ಮನುಷ್ಯರಾದವು.

ದೇವೀರಿ ಎದ್ದದ್ದು ಚಿಕ್ಕೀರಯ್ಯ ಬರೆದ ಕಂಬದಿಂದ. ಅವಳು ಮೊದಲು ಸೆರಗು ನೋಡಿಕೊಂಡಳು.

“ನನ್ನ ಮೈಮೇಲೆ ಬದನೆಕಾಯಿ ಬರೆದವರು ಯಾರು?” ಎಂದಳು.

ಅದು ಬದನೆಕಾಯಿಯಲ್ಲ, ಮಡಕೆ ಎಂದ ಚಿಕ್ಕೀರಯ್ಯ. ಮಡಕೆ ಹೀಗಿರುತ್ತದೆಯೇ ಎಂದು ಅವಳು ವಾದಕ್ಕೆ ನಿಂತಳು. ಪದುಮಲೆ ಅಳುತ್ತ ನಗುತ್ತ ಅವಳನ್ನು ತಬ್ಬಿಕೊಂಡಾಗ ಆ ಕೆಮ್ಮಣ್ಣು ಇಬ್ಬರ ಮೈಗೂ ಹತ್ತಿತು.

ಹೊರಗೆ ಬೀದಿಗಳು ಮತ್ತೆ ಬಳುಕಿದವು. ಜಗಲಿಗಳು ಗೋಡೆಯಿಂದ ಹೊರಬಂದವು. ಹುಲಿ ತನ್ನ ಚೌಕಕ್ಕೆ ಹೋಗಿ ಕಲ್ಲಾಗಿ ಕೂತಿತು, ಪಟ್ಟೆ ಮಾತ್ರ ಕೆಂಪಾಗಿಯೇ ಉಳಿಯಿತು. ಸಮರೇಖ ಊರು ಬಿಡಲು ಹೊರಟವನು ಸೊಟ್ಟ ಬೀದಿಗಳಲ್ಲಿ ದಾರಿ ತಪ್ಪಿದ. ಸುತ್ತಿ ಸುತ್ತಿ ಸೋತು ನಿಂತಾಗ ಒಬ್ಬ ಅಜ್ಜಿ ಜಗಲಿಯಲ್ಲಿ ಸರಿದು ಜಾಗ ಮಾಡಿಕೊಟ್ಟಳು. ಅವನು ಕೂತ. ಕೂತಲ್ಲೇ ಅವನ ಮಂತ್ರವೆಲ್ಲ ಮರೆತುಹೋಯಿತು. ನೆಟ್ಟಗೆ ಗೆರೆ ಎಳೆಯುವುದು ಮಾತ್ರ ಮರೆಯಲಿಲ್ಲ. ಆ ಕೇರಿಯ ಹೆಂಗಸರು ರಂಗೋಲಿಗೆ ಚುಕ್ಕಿ ಇಡುವ ಕೆಲಸ ಅವನಿಗೇ ಒಪ್ಪಿಸಿದರು. ಅವನು ಇಟ್ಟ ಸಾಲು ಒಂದು ಎಳ್ಳಿನಷ್ಟೂ ಓರೆಯಾಗುತ್ತಿರಲಿಲ್ಲ.

ರಾಜ ಬರಿಗಾಲಲ್ಲಿ ಬಂದು, ಕಂಬವಾಗಿದ್ದವರ ಮನೆಮನೆಗೂ ಹೋಗಿ ಕ್ಷಮೆ ಕೇಳಿದ. ಪಟ್ಟಣವನ್ನು ನೋಡಿಕೊಳ್ಳುವ ಅಧಿಕಾರವನ್ನು ಮಗಳಿಗೆ ಕೊಟ್ಟ. ಪದುಮಲೆ ಒಂದೇ ಒಂದು ಕಟ್ಟಳೆ ಮಾಡಿದಳು. ಯಾರು ಮನೆ ಕಟ್ಟಿದರೂ ಹಾದುಹೋಗುವವರಿಗೆಂದು ಹೊರಗೆ ಏನಾದರೂ ಬಿಡಬೇಕು. ಕೂರಲು ಒಂದು ಕಲ್ಲಾಗಲಿ, ನೋಡಲು ಒಂದು ಚಿತ್ರವಾಗಲಿ, ಒಂದಿಷ್ಟು ನೆರಳಾಗಲಿ.

ಆ ಪಟ್ಟಣದಲ್ಲಿ ಪರದೇಶದ ವರ್ತಕರು ದಾರಿ ಕೇಳಿದರೆ ಉತ್ತರ ಬಹಳ ಉದ್ದವಿರುತ್ತಿತ್ತಂತೆ. ನವಿಲಿನ ಗೋಡೆ ದಾಟಿ, ನಗುವ ಬಸವನ ಬಳಿ ಎಡಕ್ಕೆ ತಿರುಗಿ, ನೀಲಿ ಕಟ್ಟೆಯಲ್ಲಿ ಯಾರನ್ನಾದರೂ ಕೇಳಿ ಎನ್ನುತ್ತಿದ್ದರಂತೆ. ದಾರಿ ಹೇಳುವವರು ಅವರನ್ನು ಕೂರಿಸಿಕೊಂಡು ಊಟ ಹಾಕಿಯೇ ಮುಂದೆ ಕಳಿಸುತ್ತಿದ್ದರು. ಹಾಗಾಗಿ ಹಂಸದುರ್ಗದಲ್ಲಿ ಎಲ್ಲರೂ ಎಲ್ಲಿಗೆ ಹೋದರೂ ತಡವಾಗಿಯೇ ತಲುಪುತ್ತ, ಹೊಟ್ಟೆ ತುಂಬಿ, ಮನಸ್ಸು ತುಂಬಿ, ಬಹುಕಾಲ ಸುಖವಾಗಿದ್ದರು.