ತೊಳೆದ ಮರಳು

"ಸತ್ತ ಮರಳು ಕೊಟ್ಟು ಕಳಿಸಿದ್ಯಲ್ಲ... ನಿಂಗೆ ಮನಸ್ಸಾದ್ರೂ ಹೇಗೆ ಬಂತು?!"

ಕಿಟ್‌ಯೀ ಪ್ಲಾಸ್ಟಿಕ್ ಚೀಲವನ್ನು ಗಲ್ಲಾದ ಮೇಲೆ ಎಸೆದಳು. ಚೀಲ ಒಡೆದು ಒದ್ದೆ ಮರಳು ಗಲ್ಲಾದ ಹಿಂದಿದ್ದ ಮೀನಂಗಡಿಯ ಕ್ವೋಕ್‌ತುಂಗ್‌ನ ಅಂಗಿಯ ಮೇಲೆಲ್ಲ ಸಿಡಿಯಿತು.

ಶನಿವಾರ ಮಧ್ಯಾಹ್ನ. ಮೊಂಗ್‌ಕೋಕ್‌ನ ನಮ್ಮ ಸಾಕುಮೀನಿನ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತು. ಬಾಗಿಲಿಗೆ ನೇತುಹಾಕಿದ ನೀರಿನ ಚೀಲಗಳಲ್ಲಿ ಮೀನು ಆರಿಸುತ್ತಿದ್ದವರೆಲ್ಲ ಇತ್ತ ತಿರುಗಿದರು.

"ಕಿಟ್‌ಯೀ, ಒಳಗೆ ಬಾ. ಕೂತು ಮಾತಾಡೋಣ..."

"ಒಳಗ್ಯಾಕೆ? ಎಲ್ರೂ ಕೇಳ್ಲಿ! ಅಪ್ಪ ಸಾಕಿದ ಒಂಬತ್ತು ಮೀನು... ಒಂಬತ್ತೂ ಹೋದ್ವು! ಅಪ್ಪನ ಮರಳು ಎಸಿ ಅಂದೋನು ನೀನು. ಎಂಟು ವರ್ಷದ ಹಳೇ ಮರಳು ಕೊಡ್ತೀನಿ ಅಂದೋನೂ ನೀನೇ. ನೋಡು, ಹೇಗೆ ಹೊಳೀತಿದೆ! ಹೊಸ ಮರಳು ಕಟ್ಟಿಕೊಟ್ಟು ಏಮಾರಿಸಿದ್ಯಲ್ಲ!"

ಕ್ವೋಕ್‌ತುಂಗ್ ಒಂದು ಚಿಟಿಕೆ ಮರಳು ತೆಗೆದು ಬೆರಳಲ್ಲಿ ಉಜ್ಜಿದ. ಅವನ ಮುಖ ಬಿಳಿಚಿಕೊಂಡಿತು. ಬಾಯಿ ತೆರೆದ... ಮತ್ತೆ ಮುಚ್ಚಿದ.

'ಹೇಳೋಕೆ ಏನಾದ್ರೂ ಇದ್ರೆ ತಾನೇ ಹೇಳ್ತಾನೆ!' ಎಂದುಕೊಂಡಳು ಅವಳು. ಬೆನ್ನು ತಿರುಗಿಸಿ ಹೊರಟೇಬಿಟ್ಟಳು.

ಮರಳಿನಲ್ಲಿ ಸತ್ತಿದ್ದು, ಬದುಕಿದ್ದು ಅಂತ ಬೇರೆ ಇದೆಯೇ ಎಂದು ನಗುವವರು ಮೀನು ಸಾಕಿದವರಲ್ಲ. ಹಳೆಯ ತೊಟ್ಟಿಯ ಮರಳು ನೋಡಲು ಕಂದು, ಕೊಳಕು. ಆದರೆ ಮೀನಿನ ಹೊಲಸನ್ನು ಕರಗಿಸುವ, ಕಣ್ಣಿಗೆ ಕಾಣದ ಜೀವಗಳು ಇರುವುದು ಅದರಲ್ಲೇ. ಹೊಸ ತೊಟ್ಟಿಗೆ ಅದನ್ನು ನಾಲ್ಕು ಹಿಡಿ ಹಾಕಿದರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪಿಲ್ಲದ ನೀರು ಕೆಲವೇ ದಿನಗಳಲ್ಲಿ ವಿಷವಾಗುತ್ತದೆ.

ಕಿಟ್‌ಯೀಯ ಅಪ್ಪ ದರ್ಜಿ. ಹೊಲಿಗೆ ಯಂತ್ರದ ಪಕ್ಕದಲ್ಲೇ ಒಂದು ಗಾಜಿನ ತೊಟ್ಟಿ, ಅದರಲ್ಲಿ ಒಂಬತ್ತು ಪುಟ್ಟ ಮೀಸೆ ಮೀನುಗಳು. ದಿನವಿಡೀ ಮರಳಲ್ಲಿ ಮೂತಿ ಹುದುಗಿಸಿ ಕೆದಕುತ್ತಿದ್ದವು. ಭಾನುವಾರ ಮೀನಿನ ಆಹಾರ ತರಲು ಅಪ್ಪನ ಜೊತೆ ಕ್ವೋಕ್‌ತುಂಗ್‌ನ ಅಂಗಡಿಗೆ ಹೋಗುತ್ತಿದ್ದ ಮಗಳು, ಆಮೇಲೆ ಅಪ್ಪನಿಲ್ಲದೆಯೂ ಹೋಗತೊಡಗಿದಳು. ಅಪ್ಪನಿಗೆ ಗೊತ್ತಿತ್ತು, ನಗುತ್ತಿದ್ದ. ಅಮ್ಮನಿಗೆ ಮಾತ್ರ ಮೀನಂಗಡಿಯ ಹುಡುಗನನ್ನು ಕಂಡರೆ ಅಷ್ಟಕ್ಕಷ್ಟೆ.

ಅಪ್ಪ ತೀರಿಕೊಂಡ. ದರ್ಜಿ ಅಂಗಡಿ ಖಾಲಿ ಮಾಡುವಾಗ ಕ್ವೋಕ್‌ತುಂಗ್ ತೊಟ್ಟಿಯ ಮರಳನ್ನು ಕೆದಕಿ ನೋಡಿದ. ಎಷ್ಟೋ ವರ್ಷ ಅಲುಗಾಡದ ಮರಳು, ತಳವೆಲ್ಲ ಕಪ್ಪು, ಕೊಳೆತ ಮೊಟ್ಟೆಯ ನಾತ. "ಇದು ಬೇಡ, ನಾನು ಬೇರೆ ತರ್ತೀನಿ" ಎಂದ. ತೊಟ್ಟಿ ಮನೆಗೆ ಬಂದ ಮೇಲೆ ತಂದೂ ಕೊಟ್ಟ. ವಾರದೊಳಗೆ ಒಂಬತ್ತು ಮೀನುಗಳೂ ಹೊಟ್ಟೆ ಮೇಲಾಗಿ ತೇಲಿದವು.

ಆಮೇಲೆ ಮೂರು ವರ್ಷ ಅವಳು ಆ ಬೀದಿಯನ್ನು ತುಳಿಯಲಿಲ್ಲ. ದ್ವೇಷಿಸಲು ಬಹಳ ಕಷ್ಟಪಟ್ಟಳು ಪಾಪ! ಬಂದ ಸಂಬಂಧಗಳಿಗೆಲ್ಲ ಬೇಡ ಅಂದಳು. ಯಾಕೆ ಅಂತ ಅಮ್ಮ ಕೇಳಿದರೆ ತಟ್ಟೆ ಎತ್ತಿಕೊಂಡು ಎದ್ದು ಹೋಗುತ್ತಿದ್ದಳು.

ಒಂದು ಸಂಜೆ ಅಮ್ಮ ಚಿಪ್ಪುಮೀನು ತೊಳೆಯುತ್ತಾ ಗೊಣಗಿದಳು.

"ಏನು ಮರಳೇ ಇದರಲ್ಲಿ! ಆ ಮೀನಂಗಡಿ ಹುಡುಗ ತಂದಿದ್ನಲ್ಲ, ಅದೂ ಹೀಗೇ. ಏಳು ನೀರು ತೊಳ್ದೆ. ಕೊನೆಗೆ ಒಂದು ಕೆಟಲ್ ಕುದಿಯೋ ನೀರು ಸುರಿದ್ಮೇಲೇ ಬೆಳ್ಳಗಾಗಿದ್ದು."

ಕಿಟ್‌ಯೀಯ ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. "ಯಾವ ಮರಳಮ್ಮ...?"

"ನಿಮ್ಮಪ್ಪನ ಮೀನಿಗೆ ತಂದಿದ್ದು. ಗಬ್ಬು ವಾಸನೆ! ನಿಮ್ಮಪ್ಪ ಮಕ್ಕಳ ಹಾಗೆ ಸಾಕಿದ್ರು, ಆ ಕೊಳಕಲ್ಲಿ ಬಿಡೋಕಾಗುತ್ತಾ? ನೀನು ಕೆಲಸದಿಂದ ಬರೋಷ್ಟರಲ್ಲಿ ತೊಳೆದಿಟ್ಟಿದ್ದೆ. ಅವರಿಗೆ ನಾನು ಮಾಡಿದ ಕೊನೇ ಕೆಲಸ ಅದು..."

ಅಮ್ಮನ ಕಣ್ಣಲ್ಲಿ ನೀರು, ದನಿಯಲ್ಲಿ ಹೆಮ್ಮೆ.

'ನೀನೇ ಅಮ್ಮ... ನೀನೇ ಕೊಂದಿದ್ದು!' ಎಂದು ಕಿರುಚಬೇಕೆನಿಸಿತು. ಅಮ್ಮನ ನೆನೆದ ಕೈಗಳನ್ನು ನೋಡಿದಳು.

"ಒಳ್ಳೇದು ಮಾಡಿದೆ ಅಮ್ಮ" ಎಂದಳು.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. 'ತುಂಗ್... ಏನು ಮಾಡಿಬಿಟ್ಟೆ ನಾನು! ಇನ್ನು ಯಾವ ಮುಖ ಇಟ್ಟುಕೊಂಡು ಬರಲಿ?'

ಮರುದಿನ ಬೆಳಿಗ್ಗೆ ಹೋದಳು. ಅಂಗಡಿ ಅರ್ಧವಾಗಿತ್ತು. ಉಳಿದರ್ಧದಲ್ಲಿ ಯಾರೋ ಮೊಬೈಲ್ ಕವರ್ ಮಾರುತ್ತಿದ್ದರು. 'ಸತ್ತ ಮರಳಿನ ತುಂಗ್' ಎಂಬ ಹೆಸರು ಬೀದಿಯಲ್ಲಿ ಅಂಟಿಕೊಂಡ ಮೇಲೆ ಗಿರಾಕಿಗಳು ಪಕ್ಕದಂಗಡಿ ಹಿಡಿದಿದ್ದರು. ಅವನ ಕಿವಿಯ ಬಳಿ ಕೂದಲು ನರೆತಿತ್ತು.

"ಏನು ಬೇಕಿತ್ತು?" ಎಂದ, ಗುರುತೇ ಇಲ್ಲದವನ ಹಾಗೆ.

"ಅಮ್ಮ ತೊಳೆದಿದ್ರು, ತುಂಗ್... ಕುದಿಯೋ ನೀರು ಹಾಕಿ. ನಂಗೆ ನಿನ್ನೆ ಗೊತ್ತಾಯ್ತು."

"ನಂಗೆ ಅವತ್ತೇ ಗೊತ್ತಾಗಿತ್ತು."

"ಏನಂದೆ?!"

"ಚೀಲ ಅವರ ಕೈಗೇ ಕೊಟ್ಟಿದ್ದೆ. ಎರಡು ಬೆರಳಲ್ಲಿ ಹಿಡ್ಕೊಂಡು ಮೂಗು ಮುಚ್ಕೊಂಡ್ರು. ನೀನು ಎಸೆದ ಮರಳು ಮುಟ್ಟಿದಾಗ ಎಲ್ಲಾ ಅರ್ಥ ಆಯ್ತು."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ಗಂಡ ಸತ್ತು ಇಪ್ಪತ್ತು ದಿನ ಆಗಿತ್ತು ಅವರಿಗೆ. ನಿಮ್ಮ ಗಂಡನ ಮೀನನ್ನ ನೀವೇ ಕೊಂದ್ರಿ ಅಂತ ಬೀದೀಲಿ ನಿಂತು ಹೇಳ್ಬೇಕಿತ್ತಾ?"

"ನನಗೊಬ್ಬಳಿಗೆ ಹೇಳ್ಬಹುದಿತ್ತು..."

"ನೀನು ಕೇಳ್ತೀಯ ಅಂದ್ಕೊಂಡಿದ್ದೆ!" ಅವನ ದನಿ ಮೊದಲ ಸಲ ಏರಿತು. "ಸಿಟ್ಟಿಳಿದ್ಮೇಲೆ, ತುಂಗ್ ಹಾಗೆ ಮಾಡೋನಲ್ಲ ಅಂತ ಒಂದು ಸಲ ಆದ್ರೂ ಅನ್ಸುತ್ತೆ ಅಂದ್ಕೊಂಡೆ. ಒಂದು ವಾರ ಕಾದೆ. ಒಂದು ತಿಂಗಳು ಕಾದೆ. ನಿಂಗೆ ಅನ್ನಿಸ್ಲೇ ಇಲ್ಲ, ಕಿಟ್‌ಯೀ."

ಅವಳು ಬೀದಿಯ ಕಡೆ ತಿರುಗಿದಳು.

"ತಪ್ಪು ನಂದು ಅಂತ ಎಲ್ರ ಮುಂದೆ ಹೇಳ್ತೀನಿ. ಈಗಲೇ..."

"ಯಾರಿಗೆ ಹೇಳ್ತೀಯ? ಅವತ್ತು ಬೀದಿ ತುಂಬ ಜನ ಕೇಳಿದ್ರು. ಅವರನ್ನೆಲ್ಲ ಎಲ್ಲಿಂದ ಹುಡುಕಿ ತರ್ತೀಯ?"

ಬೀದಿಯಲ್ಲಿ ಒಬ್ಬಳು ಮುದುಕಿ ತರಕಾರಿ ಗಾಡಿ ಎಳೆದುಕೊಂಡು ಹೋಗುತ್ತಿದ್ದಳು, ಅಷ್ಟೆ. ಕಿಟ್‌ಯೀ ಗಲ್ಲಾದ ಅಂಚು ಹಿಡಿದು ನಿಂತಳು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

"ನಿಮ್ಮಮ್ಮನ್ನ ಅವತ್ತೇ ಕ್ಷಮಿಸಿದೆ" ಎಂದ ಅವನು ಮೆಲ್ಲಗೆ. "ನಿನ್ನ... ಇನ್ನೂ ಆಗಿಲ್ಲ."

"ಹಾಗಾದ್ರೆ... ಹೋಗ್ಲಾ?"

ಅವನು ಸ್ಟೂಲನ್ನು ಕಾಲಿನಿಂದ ಅವಳ ಕಡೆ ದೂಡಿದ.

"ಕೂತ್ಕೋ."

"ಸಿಟ್ಟು ಹೋಯ್ತಾ?"

"ಇಲ್ಲ. ಮೂರು ವರ್ಷದ್ದಿದೆ. ಬೈಯೋಕೆ ಇವತ್ತೊಂದು ದಿನ ಸಾಲಲ್ಲ."

"ನಾಳೇನೂ ಬರ್ತೀನಿ..."

"ತಿಂಡಿ ತಿಂದ್ಕೊಂಡು ಬಾ" ಎಂದ, ಮುಖ ಬೇರೆ ಕಡೆ ತಿರುಗಿಸಿಕೊಂಡು. "ಹಸ್ಕೊಂಡು ಬಂದ್ರೆ ನಂಗೆ ಬೈಯೋಕಾಗಲ್ಲ."