ಪಕ್ಕದ ಮನೆಯ ಆಂಟಿ ಕಾಣೆಯಾದ ಪ್ರಕರಣ

ಸೋಮವಾರ ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಗಂಡ ಹೆಂಡತಿ ಠಾಣೆಗೆ ಬಂದು, ಪಕ್ಕದ ಮನೆಯ ಆಂಟಿ ಕಾಣೆಯಾಗಿದ್ದಾರೆ ಎಂದು ದೂರು ಕೊಟ್ಟರು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಇಬ್ಬರೂ ರಜೆ ಹಾಕಿ ಬಂದಿದ್ದರು.

"ಹೆಸರು?" ಇನ್‌ಸ್ಪೆಕ್ಟರ್ ಕೇಳಿದರು.

"ಗೊತ್ತಿಲ್ಲ ಸರ್. ಆಂಟಿ ಅಂತಾನೇ ಕರೀತಿದ್ವಿ," ಎಂದಳು ಹೆಂಡತಿ.

"ಫೋನ್ ನಂಬರು?"

"ತಗೊಳ್ಲಿಲ್ಲ. ಪಕ್ಕದಲ್ಲೇ ಇರ್ತಾರಲ್ಲ ಅಂತ..."

"ಎಷ್ಟು ವರ್ಷದಿಂದ ಅಕ್ಕಪಕ್ಕ ಇದೀರಿ?"

ಗಂಡ ತಲೆ ಕೆರೆದುಕೊಂಡ. "ನಾವಿನ್ನೂ ಆ ಮನೆಗೆ ಬಂದೇ ಇಲ್ಲ ಸರ್. ಗುರುವಾರ ರಿಜಿಸ್ಟ್ರೇಷನ್."

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಪೆನ್ನು ನಿಲ್ಲಿಸಿದರು. ಈ ಹೆಡ್ ಕಾನ್‌ಸ್ಟೆಬಲ್ ತಾವೂ ಒಂಬತ್ತು ವರ್ಷದಿಂದ ಕೊಳ್ಳಲೆಂದು ಮನೆ ನೋಡುತ್ತಲೇ ಇದ್ದಾರೆ. ನೋಡಿದ ಪ್ರತಿ ಮನೆಗೂ ಕೊನೆಗೆ ಹೇಳುವುದು ಒಂದೇ ಮಾತು: "ನೋಡೋಣ." ಹಾಗಾಗಿ ಠಾಣೆಯಲ್ಲಿ ಅವರು ನೋಡೋಣಪ್ಪ. ಬೇರೆ ಹೆಸರು ಇದೆ, ಅದು ಸಂಬಳದ ಚೀಟಿಯಲ್ಲಿ ಮಾತ್ರ.

ಹೆಂಡತಿ ಹೇಳಿದ್ದು ಇಷ್ಟು. ಹುಟ್ಟಿದಾಗಿನಿಂದ ಆಕೆ ಹನ್ನೊಂದು ಬಾಡಿಗೆ ಮನೆ ಬದಲಾಯಿಸಿದ್ದಾಳೆ. ಸ್ವಂತ ಮನೆ ಇದೇ ಮೊದಲು. ಮನೆ ಕೊಳ್ಳುವ ಮೊದಲು ಅಕ್ಕಪಕ್ಕದವರನ್ನು ವಿಚಾರಿಸಬೇಕು ಎಂದು ಎಲ್ಲರೂ ಹೇಳಿದ್ದರು. ಹೋದ ಮೊದಲ ಭಾನುವಾರವೇ ಪಕ್ಕದ ಮನೆಯ ಕಿಟಕಿಯಲ್ಲಿ ಈ ಆಂಟಿ ಕೂತಿದ್ದರು. ಒಳಗೆ ಕರೆದು ಕಾಫಿ ಕೊಟ್ಟರು. ಮನೆ ಕೊಳ್ಳುವವರು ಏನೇನು ನೋಡಬೇಕು ಎಂದು ಮಗಳಿಗೆ ಹೇಳುವ ಹಾಗೆ ಹೇಳಿಕೊಟ್ಟರು. ಐದು ಭಾನುವಾರ ಹೀಗೇ ನಡೆಯಿತು. ಕಳೆದ ಎರಡು ವಾರದಿಂದ ಆ ಮನೆಯ ಬಾಗಿಲು ತೆರೆದೇ ಇಲ್ಲ. ಎಷ್ಟು ಬಡಿದರೂ ಸದ್ದಿಲ್ಲ.

"ಒಂಟಿ ಹೆಂಗಸು ಸರ್. ಒಳಗೇನಾದ್ರೂ ಆಗಿದ್ರೆ?" ಆಕೆಯ ಕಣ್ಣು ತುಂಬಿತು.

ಮಧ್ಯಾಹ್ನ 12:45ಕ್ಕೆ ಪಂಚರ ಸಮಕ್ಷಮ ಬೀಗ ಒಡೆಯಲಾಯಿತು. ಎದುರಿನ ಸೈಕಲ್ ರಿಪೇರಿಯವನು ಒಬ್ಬ ಪಂಚ, ಮೂಲೆಯ ಜೆರಾಕ್ಸ್ ಅಂಗಡಿಯಾಕೆ ಇನ್ನೊಬ್ಬಳು. ಒಳಗೆ ಯಾರೂ ಇರಲಿಲ್ಲ. ಅಷ್ಟೇ ಅಲ್ಲ, ಯಾರೂ ಎಂದೂ ಇದ್ದಂತೆಯೂ ಕಾಣಲಿಲ್ಲ. ಅಡುಗೆಮನೆಯಲ್ಲಿ ಒಲೆಯಿಲ್ಲ, ಬಚ್ಚಲಲ್ಲಿ ಬಕೆಟ್ ಇಲ್ಲ. ನೆಲದ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಮುಂದಿನ ಕೋಣೆಯಲ್ಲಿ ಮಾತ್ರ ಗುಡಿಸಿದ ಜಾಗ, ಮೂರು ಕುರ್ಚಿ, ಕಿಟಕಿಗೆ ಪರದೆ, ಒಂದು ಫ್ಲಾಸ್ಕು, ಮೂರು ಲೋಟ.

"ಈ ಮನೇಲಿ ಯಾರೂ ಇಲ್ಲ ಸರ್. ಭಾನುವಾರ ಭಾನುವಾರ ಒಬ್ಬರು ಬಂದು ಕೂತು ಹೋಗ್ತಿದ್ರು," ಎಂದ ಸೈಕಲ್ಲಿನವನು.

"ಬೀಗ ಒಡೆಯೋ ಮುಂಚೆ ಹೇಳ್ಬಾರದೇನಯ್ಯಾ?"

"ಸಹಿ ಹಾಕು ಅಂದ್ರಿ, ಹಾಕೋಕೆ ಬಂದೆ. ನೀವು ಕೇಳ್ಲೇ ಇಲ್ವಲ್ಲ ಸರ್!"

ಹೆಂಡತಿ ಖಾಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಪರದೆಯ ಅಳತೆ ತೆಗೆದುಕೊಳ್ಳಲೆಂದು ದಲ್ಲಾಳಿ ಕೊಟ್ಟಿದ್ದ, ತಾವು ಕೊಳ್ಳಲಿದ್ದ ಮನೆಯ ಕೀಲಿ ಅವಳ ಕೈಯಲ್ಲಿತ್ತು. ನೋಡೋಣಪ್ಪ ಅದನ್ನು ಕೇಳಿ ತೆಗೆದುಕೊಂಡರು.

ಎಲ್ಲರನ್ನೂ ಕರೆದುಕೊಂಡು ಆ ಮನೆಗೆ ಹೋಗಿ ಅವರು ಮಾಡಿದ್ದು ಎರಡೇ ಕೆಲಸ. ಮೊದಲು ಹಿಂದಿನ ಕೋಣೆಯ ಬಾಗಿಲು ಮುಚ್ಚಲು ನೋಡಿದರು. ಗೇಣುದ್ದ ಉಳಿದಂತೆ ಅದು ನೆಲಕ್ಕೆ ಕಚ್ಚಿಕೊಂಡು ನಿಂತಿತು. ಆಮೇಲೆ ಗೋಡೆಗೆ ಒತ್ತಿ ಇಟ್ಟಿದ್ದ ದೊಡ್ಡ ಬೀರುವನ್ನು ಕಾನ್‌ಸ್ಟೆಬಲ್‌ಗಳಿಂದ ಸರಿಸಿದರು. ಹಿಂದೆ ನೆಲದಿಂದ ಸೂರಿನವರೆಗೆ ಬಿರುಕು. ಬೆರಳು ತೂರಿಸಿದರೆ ಹೊರಗಿನ ಗಾಳಿ ತಾಗುತ್ತಿತ್ತು.

"ಈ ಬೀರು ನಿಮಗೇ ಇರ್ಲಿ, ಪುಕ್ಕಟೆ ಅಂದಿದ್ರು ಸರ್ ದಲ್ಲಾಳಿ," ಎಂದ ಗಂಡ ಪೆಚ್ಚಾಗಿ.

"ಒಂಬತ್ತು ವರ್ಷದಲ್ಲಿ ನನಗೆ ಯಾರೂ ಒಂದು ಚಮಚಾನೂ ಪುಕ್ಕಟೆ ಕೊಟ್ಟಿಲ್ಲ," ಎಂದರು ನೋಡೋಣಪ್ಪ. "ಎಲ್ಲಾ ಬಾಗಿಲೂ ಒಂದ್ಸಲ ಮುಚ್ಚಿ ತೆಗೆದು ನೋಡ್ಬೇಕಪ್ಪಾ."

ಸಂಜೆ ಠಾಣೆಯಲ್ಲಿ ಹೆಂಡತಿ ತನ್ನ ಪುಸ್ತಕ ಕೊಟ್ಟಳು. ಆಂಟಿ ಹೇಳಿದ್ದನ್ನೆಲ್ಲ ದುಂಡಗೆ ಬರೆದುಕೊಂಡಿದ್ದಳು. ಇನ್‌ಸ್ಪೆಕ್ಟರ್ ಗಟ್ಟಿಯಾಗಿ ಓದಿದರು. ಭಾನುವಾರ ಮಾತ್ರ ನೋಡಿದರೆ ಸಾಲದು, ವಾರದ ನಡುವೆಯೂ ಹೋಗಬೇಕು. ನಲ್ಲಿಗಳನ್ನೆಲ್ಲ ಒಟ್ಟಿಗೆ ಬಿಡಬೇಕು. ಮಾರುವವರು ಕೊಟ್ಟ ಜೆರಾಕ್ಸ್ ನಂಬದೆ ನೋಂದಣಿ ಕಚೇರಿಯಿಂದ ನಾವೇ ನಕಲು ತೆಗೆಸಬೇಕು. ಭಾರದ ಸಾಮಾನು ಬಿಟ್ಟುಹೋಗುತ್ತಿದ್ದರೆ ಅದನ್ನು ಸರಿಸಿ ನೋಡಬೇಕು.

ಇನ್‌ಸ್ಪೆಕ್ಟರ್ ತಲೆ ಎತ್ತಿದರು. "ಇದ್ರಲ್ಲಿ ಏನೇನು ಮಾಡಿದ್ರಿ?"

"ಏನೂ ಇಲ್ಲ ಸರ್."

"ಒಂದೂ?"

"ಇಷ್ಟೆಲ್ಲಾ ತಿಳಿದ ಆಂಟಿ ಪಕ್ಕದಲ್ಲೇ ಇದ್ದಾರಲ್ಲ, ಇನ್ನೇನು ನೋಡೋದು ಅಂತ..." ಬೈಯಲೆಂದು ಬಾಯಿ ತೆರೆದ ಇನ್‌ಸ್ಪೆಕ್ಟರ್ ಮನಸ್ಸಾಗದೆ ಪುಸ್ತಕ ಮಡಚಿದರು.

ದಂಪತಿಗೆ ದಲ್ಲಾಳಿ ಕೊಟ್ಟಿದ್ದ ಹಳೆಯ ಕ್ರಯಪತ್ರದ ಜೆರಾಕ್ಸಿನಲ್ಲಿ ಮಾಲೀಕರ ಫೋಟೊ ಇದ್ದ ಜಾಗ ಬರೀ ಕಪ್ಪು. ಮಾಲೀಕರು ಹೊರದೇಶದಲ್ಲಿದ್ದಾರೆ, ನನ್ನ ಹತ್ತಿರ ಅಧಿಕಾರಪತ್ರ ಇದೆ ಎಂದು ಆತ ಹೇಳಿದ್ದ. ಆ ಮುಖ ಒಮ್ಮೆ ನೋಡಿಬಿಡೋಣ ಎಂದರು ಇನ್‌ಸ್ಪೆಕ್ಟರ್. ಮಂಗಳವಾರ 11:30ಕ್ಕೆ ನೋಂದಣಿ ಕಚೇರಿಯಿಂದ ದೃಢೀಕೃತ ನಕಲು ಬಂತು. ಅದರಲ್ಲಿ ಫೋಟೊ ಸ್ವಚ್ಛವಾಗಿತ್ತು. ಹೆಂಡತಿಯನ್ನು ಕರೆಸಿ ತೋರಿಸಿದರು.

"ಅಯ್ಯೋ ಇವರೇ ಸರ್! ಇವರೇ ಆಂಟಿ!" ಖುಷಿಯಿಂದಲೇ ಕೂಗಿದಳು, ಪಾಪ. ಆಂಟಿಯ ಗುರುತು ಸಿಕ್ಕಿತು ಎಂಬುದು ಮೊದಲು ಹೊಳೆಯಿತು. ಉಳಿದದ್ದು ಹೊಳೆಯಲು ಒಂದು ನಿಮಿಷ ಹಿಡಿಯಿತು. ಆಮೇಲೆ ಕುರ್ಚಿ ಹಿಡಿದು ಕೂತಳು.

12:10ಕ್ಕೆ ಕಾಣೆಯಾದವರ ದೂರು ವಂಚನೆಯ ಎಫ್‌ಐಆರ್ ಆಯಿತು.

ಬುಧವಾರ ಬೆಳಿಗ್ಗೆ ದಲ್ಲಾಳಿಯನ್ನು ಕರೆತಂದರು. ಅವನ ಕೀಲಿಗೊಂಚಲಲ್ಲಿ ಪಕ್ಕದ ಮನೆಯ ಕೀಲಿಯೂ ಸಿಕ್ಕಿತು. ಮೊದಲ ಹತ್ತು ನಿಮಿಷ ಅರಳು ಹುರಿದಂತೆ ಮಾತಾಡಿದ.

"ಪಕ್ಕದ ಮನೆ ಕೀಲಿ ನಿನ್ನ ಹತ್ರ ಹೇಗೆ ಬಂತು?"

"ಬಾಡಿಗೆಗೆ ಕೊಡಿಸು ಅಂತ ಆ ಮನೆ ಓನರೇ ಕೊಟ್ಟಿದ್ದು ಸರ್."

ಇನ್‌ಸ್ಪೆಕ್ಟರ್ ಫೋಟೊ ಮುಂದಿಟ್ಟರು. "ಇವರು ಯಾರು?"

ಅವನು ಫೋಟೊವನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, "ನಮ್ಮಕ್ಕ," ಎಂದ.

ದಂಪತಿ ಕೊಟ್ಟಿದ್ದ ಮುಂಗಡದ ಹಣ ಪೂರ್ತಿ ಅವನ ಬಳಿಯೇ ಸಿಕ್ಕಿತು. ಜಪ್ತಿ ಮಾಡಿ ಮಹಜರು ಬರೆದರು.

ಮಧ್ಯಾಹ್ನ 3:50ಕ್ಕೆ ಇನ್‌ಸ್ಪೆಕ್ಟರ್, ನೋಡೋಣಪ್ಪ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಅಕ್ಕನ ಟೈಲರ್ ಅಂಗಡಿಗೆ ಹೋದರು. ಅಂಗಡಿ ಎಂದರೆ ಒಂದು ಹೊಲಿಗೆ ಯಂತ್ರ, ಹಿಂದೆ ಮಲಗಲು ಒಂದು ಚಾಪೆಯ ಜಾಗ. ಕುಪ್ಪಸಕ್ಕೆ ಕೊಕ್ಕೆ ಹಚ್ಚುತ್ತಿದ್ದ ಹೆಂಗಸು ಸಮವಸ್ತ್ರ ನೋಡಿ ಗಾಬರಿಯಾಗಲಿಲ್ಲ. "ಎರಡು ಕೊಕ್ಕೆ ಉಳಿದಿದೆ, ಮುಗಿಸಿ ಬರ್ಲಾ?" ಎಂದು ಕೇಳಿದಳು. ಮುಗಿಸಲು ಬಿಟ್ಟರು. 4:15ಕ್ಕೆ ಬಂಧನ ದಾಖಲಾಯಿತು.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಆಕೆ ಏನನ್ನೂ ಮುಚ್ಚಿಡಲಿಲ್ಲ.

"ನಮ್ಮ ವಂಶದಲ್ಲೇ ಸ್ವಂತ ಮನೆ ಅಂತ ತಗೊಂಡವಳು ನಾನೊಬ್ಳೇ ಸರ್. ಹನ್ನೊಂದು ವರ್ಷ ಆಯ್ತು. ಏನು ನೋಡ್ಬೇಕು, ಯಾರನ್ನ ಕೇಳ್ಬೇಕು, ಏನೂ ಗೊತ್ತಿರ್ಲಿಲ್ಲ. ಎರಡನೇ ವರ್ಷಕ್ಕೆ ಹಿಂದಿನ ಗೋಡೆ ಕುಸಿಯೋಕೆ ಶುರುವಾಯ್ತು. ಹಳೇ ಹೊಂಡ ಮುಚ್ಚಿ ಕಟ್ಟಿದ ಮನೆ ಅಂತ ಆಮೇಲೆ ತಿಳೀತು. ಕೊಳ್ಳೋಕೆ ಬಂದವರಿಗೆಲ್ಲ ಐದು ವರ್ಷ ನಿಜಾನೇ ಹೇಳ್ದೆ. ಹೋದವರು ಒಬ್ರೂ ತಿರುಗಿ ಬರ್ಲಿಲ್ಲ. ಆಗ ತಮ್ಮ, ಪಕ್ಕದ ಮನೆಯವಳ ಹಾಗೆ ಕೂತ್ಕೋ ಅಂತ ಈ ದಾರಿ ಹೇಳ್ದ. ನಾನೂ ಹೂಂ ಅಂದೆ."

"ಮತ್ತೆ ಆ ಹುಡುಗಿಗೆ ಯಾಕೆ ಅಷ್ಟೊಂದು ಬುದ್ಧಿ ಹೇಳಿದ್ರಿ? ನಿಮ್ಮ ಕಾಲ್ಮೇಲೆ ನೀವೇ ಕಲ್ಲು ಹಾಕ್ಕೊಂಡ ಹಾಗಾಯ್ತಲ್ಲ?"

"ಅವಳು ಪುಸ್ತಕ ಹಿಡ್ಕೊಂಡು ಕೇಳಿದ್ಲು ಸರ್. ನನ್ನನ್ನ ಯಾರೂ ಯಾವತ್ತೂ ಹಾಗೆ ಕೂತು ಕೇಳಿರ್ಲಿಲ್ಲ. ಬಾಯಿಗೆ ಸುಳ್ಳು ಬರ್ಲಿಲ್ಲ. ಒಂದಾದ್ರೂ ಮಾಡಿ ನೋಡ್ತಾಳೆ, ಬಿಟ್ಟು ಹೋಗ್ತಾಳೆ ಅಂತ ಪ್ರತಿ ಭಾನುವಾರ ಕಾಯ್ತಿದ್ದೆ."

"ಹೋಗ್ಲಿ ಅಂತ ಕಾಯ್ತಿದ್ರೋ, ಇರ್ಲಿ ಅಂತಾನೋ?"

"ಎರಡೂ ಸರ್," ಎಂದಳು ಆಕೆ.

"ಬರೋದು ಯಾಕೆ ನಿಲ್ಲಿಸಿದ್ರಿ?"

"ಕೊನೇ ಭಾನುವಾರ ಅವಳು ಹೇಳಿದ್ಲು. ಆಂಟಿ, ನಾವು ಈ ಮನೆ ಗೋಡೆ ನೋಡಿ ತಗೊಳ್ತಿಲ್ಲ, ಪಕ್ಕದಲ್ಲಿ ನೀವಿದ್ದೀರಲ್ಲ, ಅದಕ್ಕೇ ತಗೊಳ್ತಿರೋದು ಅಂತ. ಆಮೇಲೆ ನನಗೆ ಅಲ್ಲಿ ಕೂರೋಕಾಗ್ಲಿಲ್ಲ. ನಿಜ ಹೇಳೋಕೂ ಧೈರ್ಯ ಬರ್ಲಿಲ್ಲ."

ನೋಡೋಣಪ್ಪ ಹೇಳಿಕೆಯನ್ನು ಓದಿ ಹೇಳಿದರು. ಆಕೆ ಪೆನ್ನು ತೆಗೆದುಕೊಂಡವಳು ಸಹಿ ಹಾಕದೆ ನಿಂತಳು.

"ಸರ್, ನಾಳೆ ರಿಜಿಸ್ಟ್ರೇಷನ್ ಆಗಲ್ಲ ತಾನೆ?"

"ಆಗಲ್ಲ. ಅವರ ದುಡ್ಡೂ ಸಿಕ್ಕಿದೆ."

"ಸದ್ಯ!" ಎಂದಳು ಆಕೆ. ಎದೆಯಿಂದ ಅಷ್ಟು ದೊಡ್ಡ ಉಸಿರು ಹೊರಟಿತು. ಆಮೇಲೆ ಮೂರು ಪುಟಕ್ಕೂ ಸಹಿ ಹಾಕಿದಳು.

ನೋಡೋಣಪ್ಪ ಇನ್‌ಸ್ಪೆಕ್ಟರ್ ಮುಖ ನೋಡಿದರು. "ಈಗ 'ಸದ್ಯ' ಅಂದಿದ್ದನ್ನೂ ಬರ್ಕೊಳ್ಲಾ ಸರ್?"

"ಬರ್ಕೊಳ್ರಿ," ಎಂದರು ಇನ್‌ಸ್ಪೆಕ್ಟರ್. "ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೀರಿ. ಜಡ್ಜ್ ಸಾಹೇಬ್ರೂ ಓದ್ಲಿ."